ಒಂದೇ ಕಾಯಿನ್ನಿನ ಆಟ

ಬೇಸಿಗೆ ರಜೆಗೆ ನಮ್ಮೂರು ಬುಕ್ಕಾಂಬುಧಿಯಿಂದ ಬಂದಿದ್ದ ಅಕ್ಕನ ಮಗನನ್ನು ಬೆಂಗಳೂರಿನ ಒಂದು ಮಾಲ್‌ಗೆ ಕರೆದುಕೊಂಡು ಹೋಗಿದ್ದೆ. ಮೇಲಿನ ಮಹಡಿಯಲ್ಲಿ, ಸಿನಿಮಾ ಮಂದಿರಗಳ ಪಕ್ಕ, ಗೇಮ್ ಆಡುವ ಜಾಗ. ಕೌಂಟರಿನಲ್ಲಿ 500 ರೂಪಾಯಿ ಕೊಟ್ಟು ಕಾರ್ಡ್ ತುಂಬಿಸಿಕೊಂಡೆವು. ಹುಡುಗ ಕಾರ್ ರೇಸಿನ ಸೀಟಿನಲ್ಲಿ ಕೂತ. ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿರಲಿಲ್ಲ, ಸೀಟಿನ ತುದಿಗೆ ಜಾರಿಕೊಂಡು ಆಡಿದ. ಎರಡನೇ ಸಲಕ್ಕೇ ಎಲ್ಲರಿಗಿಂತ ಮೊದಲು ಗೆರೆ ದಾಟಿದ. ಪರದೆಯ ಮೇಲೆ ಪಟಾಕಿ ಸಿಡಿಯಿತು, ಆಮೇಲೆ ಮತ್ತೆ ಕಾರ್ಡ್ ತಾಗಿಸು ಎಂಬ ಸಾಲು ಬಂತು. ಅವನು ಸ್ಟೇರಿಂಗ್ ಬಿಡದೆ ನನ್ನ ಕಡೆ ತಿರುಗಿ ಕೇಳಿದ: “ಮಾವ, ನಾನು ಗೆದ್ದೆನಲ್ಲ? ಮತ್ಯಾಕೆ ದುಡ್ಡು ಕೇಳ್ತದೆ?”

ಕಾರ್ಡಿನಲ್ಲಿದ್ದ ಹಣ ಅರ್ಧ ಗಂಟೆಯೊಳಗೆ ಮುಗಿಯಿತು. ಅವನ ಪ್ರಶ್ನೆ ಮಾತ್ರ ಉಳಿದುಕೊಂಡಿತು. ವಿಡಿಯೋ ಗೇಮ್ ಪಾರ್ಲರುಗಳು ಹೇಗೆ ಬಂದವು, ಮಾಲ್‌ಗಳಲ್ಲಿ ಹೇಗೆ ಮೆರೆದವು, ಯಾಕೆ ಸೊರಗಿದವು ಎಂಬ ಕಥೆಯನ್ನೆಲ್ಲ ಆ ಪ್ರಶ್ನೆಯ ಬಾಲ ಹಿಡಿದು ಹೇಳಬಹುದು ಅನಿಸುತ್ತದೆ. ಯಾಕೆಂದರೆ ಗೆದ್ದವನಿಗೆ ಮತ್ತೆ ದುಡ್ಡು ಕೇಳದ ಕಾಲ ಒಂದಿತ್ತು. ನಾನು ಅದನ್ನು ನೋಡಿದ್ದೇನೆ.

ತೊಂಬತ್ತರ ದಶಕದ ಮಾತು. ಅಡಿಕೆ ಮಂಡಿಗೆ ಹೊರಟ ಅಪ್ಪನ ಜೊತೆ ಬೀರೂರಿಗೆ ಹೋದರೆ, ವ್ಯಾಪಾರ ಮುಗಿಯುವತನಕ ನನಗೆ ಬಿಡುವು. ಪೇಟೆಯ ಒಂದು ಓಣಿಯಲ್ಲಿ, ಅರ್ಧ ಶಟರ್ ಎಳೆದ ಮಳಿಗೆಯೊಳಗೆ ನಾಲ್ಕು ಪೆಟ್ಟಿಗೆಗಳು. ಒಳಗೆ ಕತ್ತಲು, ಸೆಕೆ, ಬಿಸಿಯಾದ ಪಿಕ್ಚರ್ ಟ್ಯೂಬಿನ ವಾಸನೆ. ಒಂದು ರೂಪಾಯಿಗೆ ಒಂದು ಬಿಲ್ಲೆ. ಬಿಲ್ಲೆಯನ್ನು ಸೀಳಿಗೆ ಹಾಕಿದರೆ ಅದು ಜಾರಿ ಒಳಗಿನ ಸಣ್ಣ ತಂತಿಯೊಂದನ್ನು ತಟ್ಟಿಕೊಂಡು ಬೀಳುತ್ತಿತ್ತು. ಆ ತಂತಿ ಅಲುಗಿದ್ದೇ ಯಂತ್ರಕ್ಕೆ ದುಡ್ಡು ಬಂದ ಸುದ್ದಿ. ಎಲ್ಲರೂ ಮುಗಿಬೀಳುತ್ತಿದ್ದ ಆಟಕ್ಕೆ ನಾವಿಟ್ಟ ಹೆಸರು ‘ಮುಸ್ತಫಾ’. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್ ಎಂದೂ, ಜಪಾನಿನ ಕ್ಯಾಪ್ಕಾಮ್ ಕಂಪನಿ ಅದನ್ನು 1993ರಲ್ಲಿ ತಂದಿತೆಂದೂ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಾಲ್ಕು ಜನರಲ್ಲಿ ಒಬ್ಬನನ್ನು ಆರಿಸಿಕೊಳ್ಳಬೇಕು. ಹಳದಿ ಟೋಪಿಯ ಮುಸ್ತಫಾ ಉಳಿದವರಿಗಿಂತ ಚುರುಕು, ಓಡಿ ಬಂದು ಒದೆಯುತ್ತಿದ್ದ. ಹಾಗಾಗಿ ಎಲ್ಲರಿಗೂ ಅವನೇ ಬೇಕು. ಕೊನೆಗೆ ಆಟಕ್ಕೇ ಅವನ ಹೆಸರು ನಿಂತಿತು. ನಮ್ಮ ಪೇಟೆಯಲ್ಲಷ್ಟೇ ಅಲ್ಲ, ದೇಶದ ಎಷ್ಟೋ ಊರುಗಳಲ್ಲಿ ಹುಡುಗರು ಒಬ್ಬರನ್ನೊಬ್ಬರು ಕೇಳಿಕೊಳ್ಳದೆ ಇದೇ ಹೆಸರಿಟ್ಟಿದ್ದರು.

ಆಟ ಬಾರದವನ ಬಿಲ್ಲೆ ಎರಡು ನಿಮಿಷಕ್ಕೆ ಮುಗಿಯುತ್ತಿತ್ತು. ಬಲ್ಲವನೊಬ್ಬನಿದ್ದ. ಹೈಸ್ಕೂಲಿನವನು, ಹೆಬ್ಬೆರಳ ಬುಡದಲ್ಲಿ ಗುಳ್ಳೆ ಒಡೆದು ಗಟ್ಟಿಯಾಗಿದ್ದ ಜಡ್ಡು. ಅವನು ಅದೇ ಒಂದು ರೂಪಾಯಿಯಲ್ಲಿ ಎಂಟು ಸ್ಟೇಜುಗಳನ್ನೂ ದಾಟಿ ಆಟ ಮುಗಿಸುತ್ತಿದ್ದ. ಅಷ್ಟು ಹೊತ್ತೂ ನಾವು ಹತ್ತಾರು ಹುಡುಗರು ಅವನ ಬೆನ್ನಿಗೆ ಒತ್ತಿಕೊಂಡು ನಿಂತಿರುತ್ತಿದ್ದೆವು. “ಅಣ್ಣಾ, ಮೇಲ್ಗಡೆ ಬಂದ”, “ಅಣ್ಣಾ, ಕೋಳಿ ತಿನ್ನು” ಎಂದು ಕೂಗುವುದು ನಮ್ಮ ಕೆಲಸ. ಕೋಳಿ ಎಂದರೆ ಪರದೆಯ ಮೇಲೆ ಸಿಗುವ ಊಟ, ತಿಂದರೆ ಜೀವ ತುಂಬುತ್ತದೆ. ಅಂಗಡಿಯವರು ಗಡಿಯಾರ ನೋಡುತ್ತಿದ್ದರು, ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು. ಆದರೂ ನಡುವೆ ಸ್ವಿಚ್ ಆರಿಸಿದ್ದನ್ನು ನಾನು ಕಂಡಿಲ್ಲ. ಅವನ ಆಟ ನೋಡಲು ನಿಂತವರೇ ಆಮೇಲೆ ಬಿಲ್ಲೆ ಕೊಳ್ಳುವವರು ಎಂಬುದು ಅವರಿಗೆ ಗೊತ್ತಿತ್ತು.

ಆ ಪೆಟ್ಟಿಗೆಗಳ ಕಸುಬೇ ಹಾಗಿತ್ತು. ಒಂದು ನಾಣ್ಯಕ್ಕೆ ಎಷ್ಟು ಹೊತ್ತು ಆಟ ಎಂಬುದನ್ನು ಅಂಗಡಿಯವನೂ ಪೂರ್ತಿ ತೀರ್ಮಾನಿಸುವಂತಿರಲಿಲ್ಲ, ಆಡುವವನೂ ಪೂರ್ತಿ ತೀರ್ಮಾನಿಸುವಂತಿರಲಿಲ್ಲ. ಆಟವನ್ನು ಕಷ್ಟ ಮಾಡಬಹುದಿತ್ತು, ಜೀವಗಳನ್ನು ಮೂರರಿಂದ ಎರಡಕ್ಕೆ ಇಳಿಸಬಹುದಿತ್ತು. ಅದಕ್ಕೆ ಬೇಕಾದ ಸೆಟ್ಟಿಂಗ್ ಯಂತ್ರದೊಳಗೇ ಇರುತ್ತಿತ್ತು. ಉಳಿದದ್ದೆಲ್ಲ ಆಡುವವನ ಕೈ. 1972ರಲ್ಲಿ ಅಮೆರಿಕದ ಸನಿವೇಲ್ ಊರಿನ ಒಂದು ಹೆಂಡದಂಗಡಿಯಲ್ಲಿ ಅಟಾರಿ ಕಂಪನಿ ತನ್ನ ಮೊದಲ ‘ಪಾಂಗ್’ ಯಂತ್ರ ಇಟ್ಟಾಗಿನಿಂದಲೂ ಇದೇ ಲೆಕ್ಕ. ಆ ಯಂತ್ರ ಸ್ವಲ್ಪ ದಿನಕ್ಕೇ ಕೆಟ್ಟು ನಿಂತಿತೆಂದು ರಿಪೇರಿಗೆ ಹೋದರೆ, ನಾಣ್ಯ ತುಂಬಿ ತುಳುಕಿ ಆಟ ಹಿಡಿದುಕೊಂಡಿತ್ತಂತೆ. 1978ರಲ್ಲಿ ಜಪಾನಿನ ಸ್ಪೇಸ್ ಇನ್ವೇಡರ್ಸ್, 1980ರಲ್ಲಿ ಪ್ಯಾಕ್‌ಮನ್, 1991ರಲ್ಲಿ ಸ್ಟ್ರೀಟ್ ಫೈಟರ್‌ನ ಎರಡನೇ ಕಂತು ಬಂದವು. ಒಂದೊಂದೂ ತನ್ನ ಸುತ್ತ ದೊಡ್ಡ ಗುಂಪು ಕಟ್ಟಿತು. ನಮ್ಮ ಪೇಟೆಗಳಿಗೆ ಇವು ಬರುವಷ್ಟರಲ್ಲಿ ಹಳತಾಗಿರುತ್ತಿದ್ದವು. ಜಪಾನಿನಲ್ಲಿ ತಯಾರಕರು ಸೇರಿ ಪೆಟ್ಟಿಗೆಯ ಒಳಗಿನ ವೈರಿಂಗಿಗೆ ಒಂದು ಸಾಮಾನ್ಯ ಮಾದರಿ ಮಾಡಿಕೊಂಡಿದ್ದರಿಂದ, ಆಟ ಬೇಸರವಾದರೆ ಪೆಟ್ಟಿಗೆ ಬದಲಿಸಬೇಕಿರಲಿಲ್ಲ. ಬೋರ್ಡ್ ಕಿತ್ತು ಇನ್ನೊಂದು ಸಿಕ್ಕಿಸಿದರೆ ಆಯಿತು. ಸೆಕೆಂಡ್ ಹ್ಯಾಂಡ್ ಬೋರ್ಡು, ನಕಲಿ ಬೋರ್ಡು, ಸ್ಥಳೀಯ ಬಡಗಿ ಮಾಡಿದ ಪ್ಲೈವುಡ್ ಪೆಟ್ಟಿಗೆ, ಹಳೇ ಟಿವಿಯ ಟ್ಯೂಬು: ಇಷ್ಟಿದ್ದರೆ ಪಾರ್ಲರ್ ಸಿದ್ಧ.

ಹೆತ್ತವರಿಗೆ ಈ ಜಾಗ ಎಂದೂ ಹಿಡಿಸಲಿಲ್ಲ. ಅವರ ಭಯದಲ್ಲಿ ಹುರುಳಿಲ್ಲದೆ ಇರಲಿಲ್ಲ. ದೊಡ್ಡ ಊರುಗಳಲ್ಲಿ ವಿಡಿಯೋ ಗೇಮಿನ ಬೋರ್ಡಿನಡಿ ಇಸ್ಪೀಟು, ಕುದುರೆ ಜೂಜಿನ ಯಂತ್ರಗಳೂ ನಡೆಯುತ್ತಿದ್ದವು. ಸಾರ್ವಜನಿಕ ಮನರಂಜನೆಯ ಜಾಗಗಳಿಗೆ ಪರವಾನಗಿ ಬೇಕೆಂದು ಬೆಂಗಳೂರು ನಗರಕ್ಕೆ 1989ರ ಒಂದು ಆದೇಶವೇ ಇತ್ತು. ವಿಡಿಯೋ ಗೇಮ್ ನಡೆಸುವವರು ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೂ ಹೋದರು. ಎಂ.ಜೆ. ಶಿವಾನಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಆ ಪ್ರಕರಣದ ತೀರ್ಪು 1995ರಲ್ಲಿ ಬಂತು. ಕೆಲವು ಯಂತ್ರಗಳಲ್ಲಿ ಕೈಚಳಕಕ್ಕಿಂತ ಅದೃಷ್ಟದ ಪಾಲೇ ಹೆಚ್ಚು, ಹಾಗಾಗಿ ಪರವಾನಗಿ ಕೇಳುವುದು ವ್ಯಾಪಾರದ ಹಕ್ಕನ್ನು ಕಿತ್ತುಕೊಂಡಂತಲ್ಲ ಎಂದಿತು ಕೋರ್ಟು. ನನ್ನ ಮಟ್ಟಿಗೆ ಅದು ಸರಿಯಾದ ಮಾತು. ಕೈಚಳಕ ಎಷ್ಟು, ಅದೃಷ್ಟ ಎಷ್ಟು ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಬೇಸರದ ಸಂಗತಿ ಎಂದರೆ, ಮುಸ್ತಫಾ ಆಡುತ್ತಿದ್ದ ಹುಡುಗನಿಗೂ ಇಸ್ಪೀಟಿನ ಯಂತ್ರದ ಮುಂದೆ ಕೂತವನಿಗೂ ಜನರ ಕಣ್ಣಿನಲ್ಲಿ ಒಂದೇ ಬಣ್ಣ ಹತ್ತಿತು. ವಿಡಿಯೋ ಗೇಮ್ ಅಂಗಡಿ ಎಂದರೆ ಕೆಟ್ಟ ಜಾಗ ಎಂಬ ಮಾತು ನಿಂತುಬಿಟ್ಟಿತು.

ಮಾಲ್ ಬಂದು ತೊಳೆದದ್ದು ಈ ಮಸಿಯನ್ನು. ಬೆಂಗಳೂರಿನಲ್ಲಿ ಅದರ ಮುನ್ಸೂಚನೆ ಹಳೇ ಏರ್‌ಪೋರ್ಟ್ ರಸ್ತೆಯ ಕೆಂಪ್ ಫೋರ್ಟ್, ಮಕ್ಕಳಿಗೆಂದೇ ಕೋಟೆಯ ಆಕಾರದಲ್ಲಿ ಕಟ್ಟಿದ ಅಂಗಡಿ. 2004ರಲ್ಲಿ ಕೋರಮಂಗಲದ ಫೋರಂ ತೆರೆಯಿತು. ಈಗ ಅದಕ್ಕೆ ನೆಕ್ಸಸ್ ಎಂಬ ಹೆಸರು. ಮರುವರ್ಷ ಗರುಡಾ ಮಾಲ್, 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, 2012ರಲ್ಲಿ ರಾಜಾಜಿನಗರದ ಒರಾಯನ್. ಊರಿಂದ ನೆಂಟರು ಬಂದರೆ ಲಾಲ್‌ಬಾಗು, ವಿಧಾನಸೌಧದ ಜೊತೆಗೆ ಮಾಲನ್ನೂ ತೋರಿಸುವ ಪದ್ಧತಿ ಶುರುವಾಯಿತು. ಎಸ್ಕಲೇಟರಿನ ಮೊದಲ ಮೆಟ್ಟಿಲ ಮುಂದೆ ಸೆರಗು ಹಿಡಿದು ನಿಂತ ಅಕ್ಕನಿಗೆ ನಾನೇ ಕೈ ಹಿಡಿದಿದ್ದೇನೆ. ಮೇಲೆ ಹೋದರೆ ತಣ್ಣನೆಯ ಗಾಳಿ, ಬಣ್ಣದ ದೀಪ, ಹೆಣ್ಣುಮಕ್ಕಳೂ ಅಜ್ಜಂದಿರೂ ನಿರಾಳವಾಗಿ ನಿಂತು ನೋಡಬಹುದಾದ ಗೇಮ್ ಅಂಗಳ. ಅರ್ಧ ಶಟರಿನ ಓಣಿಯಲ್ಲಿ ನನ್ನ ಅಕ್ಕ ಎಂದೂ ಕಾಲಿಟ್ಟವಳಲ್ಲ. ಮಾಲ್‌ನಲ್ಲಿ ಅವಳು ಬಂದೂಕು ಹಿಡಿದು ಗುರಿ ಇಟ್ಟಳು, ನಕ್ಕಳು, ಇನ್ನೊಂದು ಆಟ ಆಡುತ್ತೇನೆ ಅಂದಳು. ಇದು ಸಣ್ಣ ಸಂಗತಿಯಲ್ಲ, ಮಾಲ್‌ಗಳ ಬಗ್ಗೆ ಎಷ್ಟೇ ದೂರಿದ್ದರೂ ಇದನ್ನು ಒಪ್ಪಿಕೊಳ್ಳಬೇಕು.

ಗೇಮ್ ಅಂಗಳಕ್ಕೆ ಮೇಲಿನ ಮಹಡಿಯನ್ನೇ ಕೊಡುವುದರಲ್ಲೂ ಒಂದು ಲೆಕ್ಕಾಚಾರವಿದೆ. ಸಿನಿಮಾ, ಊಟ, ಆಟ ಮೂರೂ ಮೇಲಿದ್ದರೆ, ಬಂದವರು ಪ್ರತಿ ಮಹಡಿಯ ಬಟ್ಟೆಯಂಗಡಿ, ಚಪ್ಪಲಿ ಅಂಗಡಿಗಳ ಮುಂದೆ ಹಾಯ್ದೇ ಹತ್ತಬೇಕು, ಹಾಯ್ದೇ ಇಳಿಯಬೇಕು. ಮಗು ಆಟ ಬಿಟ್ಟು ಬರದಿದ್ದರೆ ಮನೆಯವರೂ ಅಲ್ಲೇ ಉಳಿಯುತ್ತಾರೆ. ಒಟ್ಟಿನಲ್ಲಿ ಜನರನ್ನು ಕಟ್ಟಡದೊಳಗೆ ಇನ್ನೊಂದು ಗಂಟೆ ಹಿಡಿದಿಡುವುದು ಆ ಅಂಗಳದ ಕೆಲಸ. ಆರಂಭದಲ್ಲಿ ಆ ಕೆಲಸವನ್ನು ಯಂತ್ರಗಳು ಚೆನ್ನಾಗಿಯೇ ಮಾಡಿದವು. ಸೆಗಾ ಕಂಪನಿಯ ಡೇಟೋನಾದಂಥ ರೇಸುಗಳಲ್ಲಿ ಅಕ್ಕಪಕ್ಕದ ಸೀಟುಗಳನ್ನು ಒಂದಕ್ಕೊಂದು ಜೋಡಿಸಿ ಅಣ್ಣತಮ್ಮಂದಿರು ಪೈಪೋಟಿಗೆ ಬೀಳಬಹುದಿತ್ತು. ಟೈಮ್ ಕ್ರೈಸಿಸ್‌ನಲ್ಲಿ ಪೆಡಲ್ ಬಿಟ್ಟರೆ ಮರೆಗೆ ಸರಿಯುವುದು, ತುಳಿದರೆ ಎದ್ದು ಗುಂಡು ಹಾರಿಸುವುದು. ಕಾಲಡಿಯ ಬಾಣದ ಗುರುತುಗಳ ಮೇಲೆ ಹಾಡಿಗೆ ತಕ್ಕಂತೆ ಕುಣಿಯುವ ಯಂತ್ರದ ಸುತ್ತ ಕಾಲೇಜು ಹುಡುಗ ಹುಡುಗಿಯರು ಕಿಕ್ಕಿರಿಯುತ್ತಿದ್ದರು. ಚರ್ಚ್ ಸ್ಟ್ರೀಟಿನ ಅಮೀಬಾ ಬೌಲಿಂಗ್ ಆಡಿಸಿ ಹೆಸರು ಮಾಡಿತ್ತು. ಇವೆಲ್ಲ ಮನೆಯಲ್ಲಿ ಸಿಗದ ಅನುಭವಗಳು. ಸ್ಟೇರಿಂಗು, ಬಂದೂಕು, ಕುಣಿಯುವ ಹಲಗೆಗಳನ್ನು ಯಾರು ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ?

ಸೋಲು ಶುರುವಾದದ್ದು ಮನೆಯ ಟಿವಿಯಿಂದ. 1994ರಲ್ಲಿ ಜಪಾನಿನಲ್ಲಿ ಬಂದ ಪ್ಲೇಸ್ಟೇಷನ್, 2000ದಲ್ಲಿ ಬಂದ ಅದರ ಎರಡನೇ ಅವತಾರ, ಪಾರ್ಲರಿನ ಯಂತ್ರಕ್ಕೂ ಮನೆಯ ಯಂತ್ರಕ್ಕೂ ಇದ್ದ ಚಿತ್ರದ ಅಂತರವನ್ನು ಅಳಿಸಿಹಾಕಿದವು. ನಮ್ಮಲ್ಲಿ ಅವನ್ನು ಕೊಳ್ಳಲಾಗದವರಿಗೆ ಗಂಟೆಗಿಷ್ಟು ಎಂದು ಆಡಿಸುವ ಅಂಗಡಿಗಳು ಬಂದವು, ಸೈಬರ್ ಕೆಫೆಗಳು ಬಂದವು. ಅಲ್ಲಿ ಕೊಳ್ಳುವುದು ಸಮಯವನ್ನು. ಆಟ ಬಲ್ಲವನಿಗೂ ಒಂದು ಗಂಟೆ, ಬಾರದವನಿಗೂ ಒಂದು ಗಂಟೆ. ನಾಣ್ಯಕ್ಕೂ ಕೈಚಳಕಕ್ಕೂ ಇದ್ದ ನಂಟು ಮೊದಲು ಕಡಿದದ್ದು ಅಲ್ಲೇ.

ಬಂದೂಕಿನ ಆಟಗಳಿಗೆ ಏಟು ಬಿದ್ದದ್ದು ಬೇರೆ ದಿಕ್ಕಿನಿಂದ. ಹಳೆಯ ಪಿಕ್ಚರ್ ಟ್ಯೂಬು ಚಿತ್ರವನ್ನು ಒಮ್ಮೆಗೇ ತೋರಿಸುವುದಿಲ್ಲ. ರಂಗೋಲಿ ಎಳೆದಂತೆ, ಬೆಳಕಿನ ಚುಕ್ಕೆಯೊಂದು ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓಡುತ್ತದೆ. ಬಂದೂಕಿನ ತುದಿಯಲ್ಲಿರುವ ಕಣ್ಣು ಆ ಚುಕ್ಕೆ ತನ್ನ ಎದುರು ಹಾದ ಕ್ಷಣವನ್ನು ಹಿಡಿಯುತ್ತದೆ. ಆ ಕ್ಷಣದಿಂದ ಗುರಿ ಎಲ್ಲಿತ್ತೆಂದು ಯಂತ್ರ ಲೆಕ್ಕ ಹಾಕುತ್ತದೆ. ಟ್ಯೂಬು ಹೋಗಿ ಚಪ್ಪಟೆ ಪರದೆ ಬಂದಾಗ ಓಡುವ ಚುಕ್ಕೆಯೇ ಇಲ್ಲವಾಯಿತು, ಹಳೇ ಬಂದೂಕು ಕುರುಡಾಯಿತು. ಹೊಸ ಬಗೆಯ ಬಂದೂಕುಗಳು ಬಂದವು ನಿಜ. ಆದರೆ ಟ್ಯೂಬು ಸುಟ್ಟರೆ ಬದಲಿ ಸಿಗದ, ಬಿಡಿಭಾಗ ಬೇಕೆಂದರೆ ವಿದೇಶಕ್ಕೆ ಬರೆಯಬೇಕಾದ ಯಂತ್ರವನ್ನು ದುಬಾರಿ ಬಾಡಿಗೆಯ ಮಹಡಿಯಲ್ಲಿ ಯಾರು ಎಷ್ಟು ದಿನ ಇಟ್ಟುಕೊಂಡಾರು? ‘ಕೆಟ್ಟಿದೆ’ ಎಂಬ ಚೀಟಿ ಅಂಟಿಸಿಕೊಂಡ ಪೆಟ್ಟಿಗೆಗಳು ಒಂದೊಂದಾಗಿ ಮೂಲೆ ಸೇರಿದವು.

ಆಟ ಹುಟ್ಟಿದ ನೆಲದಲ್ಲೂ ಇದೇ ಆಯಿತು. ಜಪಾನಿನಲ್ಲಿ 1986ರಲ್ಲಿ 26 ಸಾವಿರಕ್ಕೂ ಹೆಚ್ಚಿದ್ದ ಗೇಮ್ ಸೆಂಟರುಗಳು 2019ರ ಹೊತ್ತಿಗೆ 4 ಸಾವಿರದ ಆಸುಪಾಸಿಗೆ ಇಳಿದಿದ್ದವು. ಡೇಟೋನಾ ಮಾಡಿದ ಸೆಗಾ ಬಳಗವೇ ತನ್ನ ಪಾರ್ಲರ್ ವ್ಯವಹಾರದ ಬಹುಪಾಲನ್ನು 2020ರ ಕೊನೆಗೆ ಇನ್ನೊಬ್ಬರಿಗೆ ಮಾರಿ ಹೊರಬಂತು.

ನಮ್ಮ ದೇಶದಲ್ಲಿ ಎರಡು ದಿನಾಂಕಗಳನ್ನು ಹೇಳಬೇಕು. ಒಂದು, 2016ರ ಸೆಪ್ಟೆಂಬರ್ 5. ಅಂದು ಜಿಯೋ ಬಂತು, ಇಂಟರ್ನೆಟ್ ಅಗ್ಗವಾಯಿತು. ಪಬ್‌ಜಿ ಮೊಬೈಲಿಗೆ ಬಂದ 2018ರ ಹೊತ್ತಿಗೆ ಬುಕ್ಕಾಂಬುಧಿಯ ಹುಡುಗನಿಗೂ ಕೋರಮಂಗಲದ ಹುಡುಗನಿಗೂ ಒಂದೇ ಆಟ, ಒಂದೇ ಮೈದಾನ. ಆಟಕ್ಕಾಗಿ ಬೆಂಗಳೂರಿಗೆ ಬರಬೇಕಾದ ಕಾಲ ಮುಗಿಯಿತು. ಇನ್ನೊಂದು, 2020ರ ಜೂನ್ 8. ಕೊರೊನಾದಿಂದ ಮಾರ್ಚ್ ನಡುವಿನಲ್ಲೇ ಕರ್ನಾಟಕದ ಮಾಲ್‌ಗಳು ಮುಚ್ಚಿದ್ದವು. ಜೂನ್ 8ರಿಂದ ಬಾಗಿಲು ತೆರೆಯಬಹುದು ಎಂದು ಕೇಂದ್ರದ ಸೂಚನೆ ಬಂತು. ಅದೇ ಸೂಚನೆಯಲ್ಲಿ, ಮಾಲ್‌ನೊಳಗಿನ ಗೇಮ್ ಅಂಗಳ, ಮಕ್ಕಳ ಆಟದ ಜಾಗ, ಸಿನಿಮಾ ಮಂದಿರ ಮಾತ್ರ ಮುಚ್ಚಿಯೇ ಇರತಕ್ಕದ್ದು ಎಂದಿತ್ತು. ನೂರು ಕೈ ಮುಟ್ಟುವ ಗುಂಡಿಗಳು, ನೂರು ಮುಖ ತಾಗುವ ವಿಆರ್ ಆಟದ ಕನ್ನಡಕಗಳು, ಮುಚ್ಚಿದ್ದು ಸರಿಯೇ. ಆದರೆ ಕೆಳಗಿನ ಚಪ್ಪಲಿ ಅಂಗಡಿ ತೆರೆದಿದ್ದಾಗ ಮೇಲಿನ ಮಹಡಿ ಕತ್ತಲಲ್ಲಿ ಕೂತ ಆ ತಿಂಗಳುಗಳನ್ನು ಎಲ್ಲರೂ ತಾಳಿಕೊಳ್ಳಲಿಲ್ಲ. ಸಚಿನ್ ತೆಂಡೂಲ್ಕರ್ ಹಣ ಹೂಡಿದ್ದ, ಬೆಂಗಳೂರಿನಲ್ಲೂ ಕಾಲಿಟ್ಟಿದ್ದ, ಗೇಮ್ ಅಂಗಳಗಳನ್ನು ನಡೆಸುವ ಸ್ಮ್ಯಾಶ್ ಕಂಪನಿ 2022ರಲ್ಲಿ ದಿವಾಳಿ ಕಾಯ್ದೆಯ ಪ್ರಕ್ರಿಯೆಗೆ ಸಿಕ್ಕಿತು. 2025ರಲ್ಲಿ ಅದನ್ನು ಕೊಂಡದ್ದು ಮೊಬೈಲ್ ಗೇಮುಗಳಿಂದ ಬೆಳೆದ ನಜಾರಾ ಕಂಪನಿ.

ಹಾಗೆಂದು ಮಾಲ್‌ಗಳ ಗೇಮ್ ಅಂಗಳ ಸತ್ತಿಲ್ಲ. ರಜಾ ದಿನ ಹೋಗಿ ನೋಡಿ, ಕಾಲಿಡಲು ಜಾಗವಿರುವುದಿಲ್ಲ. ಬಹುಮಟ್ಟಿಗೆ ಸತ್ತದ್ದು ಅದರೊಳಗಿನ ವಿಡಿಯೋ ಗೇಮ್. ಎರಡನ್ನೂ ಬೇರೆಬೇರೆಯಾಗಿ ನೋಡದಿದ್ದರೆ ಈ ಕಥೆ ಅರ್ಥವಾಗುವುದಿಲ್ಲ. ಆಟ ಮನೆಗೆ, ಜೇಬಿಗೆ ಹೋದಮೇಲೆ ಅಂಗಳ ನಡೆಸುವವರು ಬದುಕಲು ಬೇರೆ ದಾರಿ ಹಿಡಿದರು. ಈಗ ಅಲ್ಲಿ ಹೆಚ್ಚಾಗಿ ಕಾಣುವುದು ಟಿಕೆಟ್ ಉಗುಳುವ ಯಂತ್ರಗಳು. ಚೆಂಡು ಎಸೆ, ಗುಂಡಿ ಒತ್ತು, ಚಕ್ರ ತಿರುಗಿಸು, ಟಿಕೆಟ್ ಬರುತ್ತವೆ. ಟಿಕೆಟ್ ಒಟ್ಟು ಮಾಡಿ ಕೌಂಟರಿನಲ್ಲಿ ಪೆನ್ಸಿಲೋ ಗೊಂಬೆಯೋ ಪಡೆ. ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆಯನ್ನು ಕಬ್ಬಿಣದ ಕೈಯಿಂದ ಎತ್ತುವ ಯಂತ್ರದ ಮುಂದೆ ಅಕ್ಕನ ಮಗ ಆರು ಸಲ ಕಾರ್ಡ್ ತಾಗಿಸಿದ. ಕೈಯನ್ನು ಪ್ರತಿ ಸಲ ಸರಿಯಾಗಿ ಗೊಂಬೆಯ ತಲೆಯ ಮೇಲೇ ನಿಲ್ಲಿಸಿದ. ಕೈ ಗೊಂಬೆಯನ್ನು ಹಿಡಿಯಿತು, ಅರ್ಧಕ್ಕೆ ಎತ್ತಿತು, ಸಡಿಲವಾಗಿ ಬಿಟ್ಟಿತು. ಇಂಥ ಯಂತ್ರಗಳಲ್ಲಿ ಕೈಯ ಹಿಡಿತ ಎಷ್ಟು ಬಿಗಿ ಇರಬೇಕು, ಎಷ್ಟು ಆಟಕ್ಕೊಮ್ಮೆ ಪೂರ್ತಿ ಬಿಗಿಯಾಗಬೇಕು ಎಂಬುದನ್ನು ನಡೆಸುವವರು ಮೊದಲೇ ನಿಗದಿ ಮಾಡಿಡಲು ಬರುತ್ತದೆ. ಹುಡುಗನಿಗೆ ಅದು ಗೊತ್ತಿಲ್ಲ. ತನ್ನ ಕೈ ಸರಿಯಿಲ್ಲ ಎಂದುಕೊಂಡ. ನನಗೆ ಸಿಟ್ಟು ಬಂದದ್ದು ಆಗ. ನಾಣ್ಯ ಮಾಯವಾಗಿ ಕಾರ್ಡ್ ಬಂದದ್ದರಲ್ಲೂ ಇದೇ ಗುಣವಿದೆ. ಒಂದು ಆಟಕ್ಕೆ 63 ಪಾಯಿಂಟೋ 78 ಪಾಯಿಂಟೋ ಎಂದು ಬರೆದಿದ್ದರೆ, ಎಷ್ಟು ರೂಪಾಯಿ ಹೋಯಿತೆಂದು ಯಾವ ಮಗು ಲೆಕ್ಕ ಹಾಕುತ್ತದೆ? ಬಿಲ್ಲೆಯಾದರೆ ಮುಷ್ಟಿಯೊಳಗೆ ಎಷ್ಟು ಉಳಿದಿವೆ ಎಂಬುದು ಬೆವರಿಗೇ ತಿಳಿಯುತ್ತಿತ್ತು. 1995ರಲ್ಲಿ ಕೋರ್ಟು ಕೇಳಿದ್ದ ಪ್ರಶ್ನೆಯನ್ನು, ಕೈಚಳಕ ಎಷ್ಟು, ಅದೃಷ್ಟ ಎಷ್ಟು ಎಂಬುದನ್ನು, ಇಂದು ಈ ಗೊಂಬೆ ಪೆಟ್ಟಿಗೆಯ ಮುಂದೆ ನಿಂತು ಕೇಳಬೇಕು.

ಜಾತ್ರೆಯಲ್ಲಿ ಬಳೆ ಎಸೆಯುವ ಆಟವೂ ಮೋಸವೇ ಅಲ್ಲವೇ ಎಂದು ಕೇಳಬಹುದು. ಅಂತರಘಟ್ಟೆಯ ಅಮ್ಮನ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋದ ನಮ್ಮ ಕಡೆಯವರಿಗೆಲ್ಲ ಆ ಅಂಗಡಿಗಳು ಗೊತ್ತು. ಸೋಪಿನ ಡಬ್ಬಿಗಿಂತ ಕೂದಲೆಳೆಯಷ್ಟೇ ದೊಡ್ಡ ಬಳೆ. ಆದರೆ ಬಳೆ ಎಷ್ಟು ಸಣ್ಣದೆಂದು ಕಣ್ಣಿಗೆ ಕಾಣುತ್ತದೆ. ಎಸೆದವನು ಡಬ್ಬಿಯ ಸುತ್ತ ಬೀಳಿಸಿದರೆ ಅಂಗಡಿಯವನು ಕೊಡಲೇಬೇಕು, ಸುತ್ತ ನಿಂತವರು ಬಿಡುವುದಿಲ್ಲ. ಯಂತ್ರದ ಹಿಡಿತ ಕಣ್ಣಿಗೆ ಕಾಣುವುದಿಲ್ಲ. ಅದರ ಜೊತೆ ಜಗಳಕ್ಕೆ ನಿಲ್ಲುವ ಗುಂಪೂ ಮಾಲ್‌ನಲ್ಲಿಲ್ಲ. ಪ್ರತಿ ಮನೆಯವರೂ ತಮ್ಮ ತಮ್ಮ ಕಾರ್ಡ್ ಹಿಡಿದು ತಮ್ಮ ತಮ್ಮ ಪಾಡಿಗೆ.

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದೆ. ಸಂಜೆ ಕೆರೆ ಏರಿಯ ಮೇಲೆ ಐದಾರು ಹುಡುಗರು ಸಾಲಾಗಿ ಕೂತು ತಲೆ ತಗ್ಗಿಸಿದ್ದರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಒಟ್ಟಿಗೇ ಆಡುತ್ತಿದ್ದರು, ಕೂಗುತ್ತಲೂ ಇದ್ದರು. ಆದರೆ ಒಬ್ಬನ ಆಟವನ್ನು ಇನ್ನೊಬ್ಬ ನೋಡುತ್ತಿರಲಿಲ್ಲ, ನೋಡಲು ಬಿಡುವಿಲ್ಲ. ಅಕ್ಕನ ಮಗನ ಫೋನಿನಲ್ಲಿ ಹಳೇ ಪೆಟ್ಟಿಗೆ ಆಟಗಳನ್ನು ಓಡಿಸುವ ಒಂದು ಆ್ಯಪ್ ಹಾಕಿಸಿ ಮುಸ್ತಫಾ ತೆರೆದೆ. ಪರದೆಯ ಮೂಲೆಯಲ್ಲಿ ‘ಕಾಯಿನ್’ ಎಂಬ ಗುಂಡಿ. ಒತ್ತಿದಷ್ಟೂ ಜೀವ ಪುಕ್ಕಟೆ. ಅವನು ಒತ್ತಿದ, ಸತ್ತ, ಒತ್ತಿದ, ಸತ್ತ, ಹತ್ತು ನಿಮಿಷಕ್ಕೆ ಆಕಳಿಸಿದ. “ಇದರಲ್ಲೇನಿದೆ ಮಾವ? ಯಾರ್ ಬೇಕಾದ್ರೂ ಮುಗಿಸ್ತಾರೆ.”

“ಒಬ್ಬರಿಗೆ ಒಂದೇ ಕಾಯಿನ್ ಅಂತ ಇಟ್ಕೊಳ್ಳಿ” ಅಂದೆ. “ಸತ್ತರೆ ಫೋನು ಪಕ್ಕದವನಿಗೆ.”

ಉಳಿದ ಫೋನುಗಳು ಒಂದೊಂದಾಗಿ ಜೇಬಿಗಿಳಿದವು. ಮೊದಲನೆಯವನು ಒಂದು ನಿಮಿಷ ಬಾಳಲಿಲ್ಲ. ಎರಡನೆಯವನು ಕೋಳಿ ತಿನ್ನುವುದು ಮರೆತ, ನಾಲ್ಕು ಬಾಯಿ ಒಟ್ಟಿಗೆ ಬೈದವು. ಅಕ್ಕನ ಮಗನ ಸರದಿ ಬಂದಾಗ ಅವನು ಎದ್ದು ನಿಂತು ಆಡಿದ. ಯಾಕೆ ನಿಂತನೋ, ನಾನಂತೂ ಹೇಳಿಕೊಟ್ಟಿರಲಿಲ್ಲ. ಹಿಂದಿನಿಂದ ಎಲ್ಲರೂ ಅವನ ಹೆಗಲ ಮೇಲೆ ಗದ್ದ ಊರಿ ಬಗ್ಗಿದರು. ಕತ್ತಲಾಗುತ್ತಿತ್ತು, ಪರದೆಯ ಬೆಳಕು ಐದು ಮುಖಗಳ ಮೇಲೂ ಬಿದ್ದಿತ್ತು. ಮನೆಯಿಂದ ಅಕ್ಕ ಎರಡು ಸಲ ಕೂಗಿದಳು. ಮೊದಲ ಸ್ಟೇಜಿನ ಬಾಸ್ ಬಂದಿದ್ದ, ಅವನಿಗೆ ಇನ್ನೂ ಒಂದು ಜೀವ ಉಳಿದಿತ್ತು.